ಎಚ್‌ಎಸ್‌ಕೆ ಎಂಬ ಚೈನೀಸ್ ಭಾಷಾ ಪರೀಕ್ಷೆಗೆ ಉಡುಪಿಯಿಂದ ಹೆಸರು ಕೊಡುವುದು ಹೇಗೆ? ಏಜೆಂಟ್ ಬೇಕಾ?

ಕಲ್ಸಂಕ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಉಡುಪಿಯಲ್ಲಿ ಒಂದು ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಜೆ ಹೊತ್ತು ಆನ್‌ಲೈನ್‌ನಲ್ಲಿ ಚೈನೀಸ್ ಕಲಿಯುತ್ತಿದ್ದೇನೆ. ಈ ಸಲ ಎಚ್‌ಎಸ್‌ಕೆ ಮೂರನೇ ಹಂತ ಬರೆಯಿರಿ ಅಂತ ಟೀಚರ್ ಹೇಳಿದ್ದಾರೆ. ಮುಂದೆ ಒಂದು ವರ್ಷ ಚೀನಾದಲ್ಲೇ ಭಾಷೆ ಕಲಿಯುವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕೆಂದು ಆಸೆ.

ವೆಬ್‌ಸೈಟ್ ತೆರೆದರೆ ತಲೆ ತಿರುಗುತ್ತದೆ. ಪೇಪರ್ ಪರೀಕ್ಷೆ ಅಂತೆ, ಇಂಟರ್‌ನೆಟ್ ಪರೀಕ್ಷೆ ಅಂತೆ, ಮನೆಯಿಂದ ಬರೆಯುವುದು ಅಂತೆ. ಕೇಂದ್ರಗಳ ಪಟ್ಟಿಯಲ್ಲಿ ಉಡುಪಿಯೂ ಕಾಣಲಿಲ್ಲ, ಮಂಗಳೂರೂ ಕಾಣಲಿಲ್ಲ. ಮಂಗಳೂರಿನ ಒಬ್ಬ ಏಜೆಂಟ್ ಹತ್ತಿರ ಕೇಳಿದೆ. "ಸೀಟು ಬೇಗ ತುಂಬುತ್ತದೆ, ಪಾಸ್‌ಪೋರ್ಟ್ ಕಾಪಿ ಮತ್ತು ಅಡ್ವಾನ್ಸ್ ಕೊಟ್ಟುಬಿಡಿ, ಲಾಗಿನ್ ಎಲ್ಲ ನಾವೇ ಮಾಡುತ್ತೇವೆ" ಅಂದರು. ಪರೀಕ್ಷೆಯ ಫೀಸಿನ ಹತ್ತಿರ ಹತ್ತಿರ ಎರಡರಷ್ಟು ದುಡ್ಡು. ಕೊಡಬಹುದಾ? ಇಲ್ಲಿ ಯಾರಾದರೂ ಸ್ವಂತವಾಗಿ ಮಾಡಿದವರು ಇದ್ದೀರಾ?

ಪಂಪ್‌ವೆಲ್

ಕೊಡಬೇಡಿ ಮಾರಾಯ್ರೆ. ಒಂದು ಇಮೇಲ್, ಒಂದು ಫೋಟೊ, ಒಂದು ಪಾಸ್‌ಪೋರ್ಟ್ ಇದ್ದರೆ ಆಗುವ ಕೆಲಸಕ್ಕೆ ಅಷ್ಟು ದುಡ್ಡಾ?

ಹಂಪನಕಟ್ಟೆ

ನಾನು ಎರಡನೇ ಹಂತದಿಂದ ನಾಲ್ಕನೆಯದರವರೆಗೆ ಬರೆದಿದ್ದೇನೆ, ಎಲ್ಲ ಸ್ವಂತವೇ ಹೆಸರು ಕೊಟ್ಟು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಏಜೆಂಟ್ ವಿಷಯ. ದುಡ್ಡಿಗಿಂತ ದೊಡ್ಡ ತೊಂದರೆ ಲಾಗಿನ್‌ನದ್ದು. ಚೈನೀಸ್‌ಟೆಸ್ಟ್ ಡಾಟ್ ಸಿಎನ್‌ನಲ್ಲಿ ನೀವು ತೆರೆಯುವ ಖಾತೆಯಲ್ಲೇ ಪ್ರವೇಶ ಪತ್ರ ಬರುವುದು, ಅಂಕ ಬರುವುದು. ಏಜೆಂಟ್ ತನ್ನ ಇಮೇಲ್ ಹಾಕಿ ಖಾತೆ ತೆರೆದರೆ ನಿಮ್ಮ ಅಂಕ ನೋಡಲು ನೀವೇ ಅವರ ಹಿಂದೆ ಹೋಗಬೇಕು. ನಾಳೆ ಸ್ಕಾಲರ್‌ಶಿಪ್ ಅರ್ಜಿಗೆ ಅಂಕಪಟ್ಟಿ ಬೇಕಾದಾಗ ಆ ಮನುಷ್ಯ ಫೋನ್ ಎತ್ತದಿದ್ದರೆ? ಖಾತೆ ನಿಮ್ಮ ಇಮೇಲ್‌ನಲ್ಲೇ ಇರಲಿ. ಆಫೀಸಿನ ಇಮೇಲ್ ಕೂಡ ಬೇಡ, ಕೆಲಸ ಬಿಟ್ಟರೆ ಅದೂ ಹೋಗುತ್ತದೆ.

ಕ್ರಮ ಹೀಗೆ. ಖಾತೆ ತೆರೆಯಬೇಕು. ಪರೀಕ್ಷೆ ಯಾವುದು, ಯಾವ ಹಂತ, ಯಾವ ತಾರೀಕು, ಯಾವ ಕೇಂದ್ರ ಅಂತ ಆರಿಸಬೇಕು. ವಿವರ ತುಂಬಿಸಿ, ಫೋಟೊ ಏರಿಸಿ, ಒಂದು ಸಲ ಪೂರ್ತಿ ಓದಿ, ಫೀಸು ಕಟ್ಟಬೇಕು. ಕೆಲವು ಕೇಂದ್ರದವರು ಫೀಸನ್ನು ತಾವೇ ನೇರವಾಗಿ ತೆಗೆದುಕೊಳ್ಳುತ್ತಾರೆ. ಆಗ ಅವರು ಒಪ್ಪಿಗೆ ಕೊಡುವ ತನಕ ನಿಮ್ಮ ಅರ್ಜಿ ಬಾಕಿ ಅಂತಲೇ ತೋರಿಸುತ್ತದೆ. ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಸಲ ಅರ್ಜಿ ಹಾಕಬೇಡಿ. ಪರೀಕ್ಷೆ ಹತ್ತಿರ ಬಂದಾಗ ಪ್ರವೇಶ ಪತ್ರ ಅದೇ ಖಾತೆಯಿಂದ ಪ್ರಿಂಟ್ ತೆಗೆಯುವುದು.

ಕೊನೆಯ ದಿನದ ಲೆಕ್ಕ ಮುಖ್ಯ. ಪೇಪರ್ ಪರೀಕ್ಷೆಗೆ ಸಾಮಾನ್ಯವಾಗಿ 27 ದಿನ ಮೊದಲು ಮುಚ್ಚುತ್ತಾರೆ, ಇಂಟರ್‌ನೆಟ್ ಪರೀಕ್ಷೆಗೆ 10 ದಿನ ಮೊದಲು. ನಿಮ್ಮ ಕೇಂದ್ರ ಇನ್ನೂ ಬೇಗ ಮುಚ್ಚಬಹುದು. ಇನ್ನೊಂದು, ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೀಜಿಂಗ್‌ನಲ್ಲಿ ಮಧ್ಯರಾತ್ರಿ ಆಗುವಾಗ ಇಲ್ಲಿ ರಾತ್ರಿ 9:30. ಊಟ ಮುಗಿಸಿ ನಿಧಾನಕ್ಕೆ ಕೂರುತ್ತೇನೆ ಅಂದರೆ ಬಾಗಿಲು ಹಾಕಿರುತ್ತದೆ.

ಬೆಂದೂರ್‌ವೆಲ್

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ಹೆಸರಿನಲ್ಲಿ ಡಿ ಆದ ಮೇಲೆ ಒಂದು ಚಿಕ್ಕ ಕೊಕ್ಕೆ ಉಂಟಲ್ಲ, ಡಿಸೋಜದವರದ್ದು, ಡಿಸಿಲ್ವದವರದ್ದು. ಅದನ್ನು ಫಾರ್ಮಿನಲ್ಲಿ ಹಾಕಬೇಕಾ? ಮಗಳದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದೆ.

ಹಂಪನಕಟ್ಟೆ

ಆಧಾರ್, ಅಂಕಪಟ್ಟಿ ಎರಡನ್ನೂ ಪಕ್ಕಕ್ಕಿಡಿ. ಪಾಸ್‌ಪೋರ್ಟ್ ಮಾತ್ರ ನೋಡಿ. ಫೋಟೊ ಇರುವ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲು ಇದೆಯಲ್ಲ, ಅದರಲ್ಲಿ ಕೊಕ್ಕೆ ಇರುವುದೇ ಇಲ್ಲ, ಅಕ್ಷರಗಳು ಅಂಟಿಕೊಂಡೇ ಬರುತ್ತವೆ. ಅದರಂತೆ ಬರೆಯಿರಿ. ವಿಮಾನದ ಟಿಕೆಟ್, ವೀಸಾ, ಕಾಲೇಜಿನ ಪ್ರವೇಶ ಎಲ್ಲವೂ ಆಮೇಲೆ ಅದೇ ಹೆಸರಿನ ಮೇಲೆ ನಡೆಯುವುದು.

ನಮ್ಮೂರಿನಲ್ಲಿ ಇದಕ್ಕಿಂತ ಜಾಸ್ತಿ ಕಾಡುವುದು ಸರ್‌ನೇಮ್. ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಶೆಟ್ಟಿ, ಪೂಜಾರಿ, ಭಟ್ ಎಲ್ಲ ಮೊದಲ ಹೆಸರಿನ ಜೊತೆಗೇ ಸೇರಿರುತ್ತದೆ. ಫಾರ್ಮು ಎರಡು ಕಡೆ ತುಂಬಿಸಲು ಕೇಳುತ್ತದೆ. ನಿಮ್ಮದೇ ಅಂದಾಜಿನಲ್ಲಿ ಒಡೆಯಬೇಡಿ. ಕೇಂದ್ರಕ್ಕೆ ಒಂದು ಮೇಲ್ ಹಾಕಿ, ಪಾಸ್‌ಪೋರ್ಟ್ ಹೀಗಿದೆ, ಹೇಗೆ ಬರೆಯಲಿ ಅಂತ ಕೇಳಿ. ಅವರ ಉತ್ತರ ಉಳಿಸಿಕೊಳ್ಳಿ.

ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ನವೀಕರಿಸಿ, ಆಮೇಲೆ ಅರ್ಜಿ ಹಾಕಿ. ಹೊಸ ಪುಸ್ತಕಕ್ಕೆ ಹೊಸ ನಂಬರ್ ಬರುತ್ತದೆ. ಪ್ರವೇಶ ಪತ್ರದಲ್ಲಿ ಹಳೆ ನಂಬರ್, ಕೈಯಲ್ಲಿ ಹೊಸ ಪುಸ್ತಕ ಅಂದರೆ ಬಾಗಿಲಲ್ಲಿ ಸುಮ್ನೆ ತಲೆಬಿಸಿ.

ಮಲ್ಪೆ ಎಂಜಿನ್

ಒಂದು ಪ್ರಶ್ನೆ ಕೇಳಲಾ? ಪರೀಕ್ಷೆ ಯಾಕೆ? ಬೋಟಿನ ಎಂಜಿನ್ ಬಿಡಿಭಾಗ ತರಿಸುವ ವ್ಯಾಪಾರ ನನ್ನದು. ಅಲ್ಲಿಯವರ ಜೊತೆ ವೀಚಾಟ್‌ನಲ್ಲೇ ಮಾತುಕತೆ. ಲೆಕ್ಕ, ರೇಟು, ಹಡಗಿನ ತಾರೀಕು ಇಷ್ಟು ಗೊತ್ತಾದರೆ ಸಾಕು. ಗುವಾಂಗ್‌ಝೌ ಮೇಳಕ್ಕೆ ಹೋದಾಗ ಒಬ್ಬರೂ ನನ್ನ ಹತ್ತಿರ ಸರ್ಟಿಫಿಕೇಟ್ ಕೇಳಲಿಲ್ಲ. ವರ್ಷಕ್ಕೆ ಎರಡು ಸಲ ನಡೆಯುವ ಮೇಳ ಅದು, 1957ರಿಂದ ಇದೆ, ಅವರಿಗೆ ನಮ್ಮಂಥ ಅರೆಬರೆ ಚೈನೀಸ್‌ನವರು ಅಭ್ಯಾಸ ಆಗಿದ್ದಾರೆ. ಈಗ ಕೋಲ್ಕತಾದಿಂದ ನೇರ ವಿಮಾನ ಕೂಡ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು.

ಪಂಪ್‌ವೆಲ್

ಎಂಜಿನ್ ಅಣ್ಣ, ಅವರು ಸ್ಕಾಲರ್‌ಶಿಪ್ ಅಂತ ಬರೆದಿದ್ದಾರೆ. ಓದಿ ಉತ್ತರ ಕೊಡಿ.

ಮಲ್ಪೆ ಎಂಜಿನ್

ಓದಿದೆ, ಓದಿದೆ. ಅವರಿಗೆ ಬೇಕು, ಒಪ್ಪಿದೆ. ಆದರೆ ವ್ಯಾಪಾರಕ್ಕೆ ಅಂತ ಕಲಿಯುವ ಹುಡುಗರೂ ಸುಮ್ನೆ ಪರೀಕ್ಷೆ ಹಿಂದೆ ಓಡುತ್ತಾರೆ. ಅವರಿಗೆ ಹೇಳಿದ್ದು.

ಹಂಪನಕಟ್ಟೆ

ವ್ಯಾಪಾರದವರಿಗೆ ಬೇಕೇ ಬೇಕು ಅಂತಾದರೆ ಬಿಸಿಟಿ ಅಂತ ಬೇರೆ ಪರೀಕ್ಷೆ ಇದೆ, ವ್ಯಾಪಾರದ ಚೈನೀಸ್‌ನದ್ದು. ಶಾಲೆ ಮಕ್ಕಳಿಗೆ ವೈಸಿಟಿ. ಅದೇ ವೆಬ್‌ಸೈಟ್‌ನಲ್ಲಿ ಎಲ್ಲ ಒಟ್ಟಿಗೆ ಕಾಣುವುದರಿಂದ ಆರಿಸುವಾಗ ಕಣ್ಣು ತೆರೆದಿರಲಿ.

ಕಲ್ಸಂಕ ಅವರೇ, ನಿಮ್ಮ ಸ್ಕಾಲರ್‌ಶಿಪ್ ಯಾವುದು? ಅಂತರರಾಷ್ಟ್ರೀಯ ಚೈನೀಸ್ ಶಿಕ್ಷಕರದ್ದು ಅಂತ ಬರುತ್ತದಲ್ಲ, ಮೊದಲು ಕನ್‌ಫ್ಯೂಶಿಯಸ್ ಇನ್‌ಸ್ಟಿಟ್ಯೂಟ್ ಸ್ಕಾಲರ್‌ಶಿಪ್ ಅಂತ ಕರೆಯುತ್ತಿದ್ದರು, ಅದಾ?

ಕಲ್ಸಂಕ

ಹೌದು, ಅದೇ. ಒಂದು ವರ್ಷದ ಭಾಷಾ ಕೋರ್ಸು. ಮೂರನೇ ಹಂತದಲ್ಲಿ ಪಾಸಾದರೆ ಸಾಕು ಅಂತ ಏಜೆಂಟ್ ಹೇಳಿದ್ದು.

ಹಂಪನಕಟ್ಟೆ

ನೋಡಿ, ಇದಕ್ಕೇ ಏಜೆಂಟ್ ಬೇಡ ಅಂದದ್ದು. ಮೂರನೇ ಹಂತಕ್ಕೆ ಒಟ್ಟು 300 ಅಂಕ. ಕೇಳುವುದು, ಓದುವುದು, ಬರೆಯುವುದು ತಲಾ 100. ಪಾಸಿಗೆ 180. ಆದರೆ ಹಿಂದಿನ ವರ್ಷಗಳ ಪ್ರಕಟಣೆಗಳಲ್ಲಿ ಒಂದು ವರ್ಷದ ಭಾಷಾ ಕೋರ್ಸಿಗೆ ಕೇಳಿದ್ದು ಮೂರನೇ ಹಂತದಲ್ಲಿ 210. 185 ತೆಗೆದು ಪಾಸಾದರೂ ಅರ್ಜಿಗೆ ಉಪಯೋಗ ಇಲ್ಲ. ಮಾತಿನ ಪರೀಕ್ಷೆ ಎಚ್‌ಎಸ್‌ಕೆಕೆ ಬರೆದವರಿಗೆ ಆದ್ಯತೆ ಅಂತಲೂ ಇತ್ತು. ಅದು ಬೇರೆ ಪರೀಕ್ಷೆ, ಮೂರು ಮಟ್ಟ ಇದೆ, ತಲಾ 100 ಅಂಕ, 60 ಬಂದರೆ ಪಾಸು. ಮೂರನೇ, ನಾಲ್ಕನೇ ಹಂತದವರಿಗೆ ಮಧ್ಯದ ಮಟ್ಟ ಸರಿಯಾಗುತ್ತದೆ. ಕೆಲವು ಕೇಂದ್ರಗಳು ಎರಡನ್ನೂ ಒಟ್ಟಿಗೇ ಇಡುತ್ತವೆ, ಅರ್ಜಿ ಹಾಕುವಾಗ ನೋಡಿ. ಈ ವರ್ಷದ ಪ್ರಕಟಣೆ ಬಂದ ಕೂಡಲೇ ಅದನ್ನೇ ಓದಿ, ನನ್ನ ಮಾತನ್ನೂ ನಂಬಬೇಡಿ.

ಸೆಪ್ಟೆಂಬರ್ ಪ್ರವೇಶಕ್ಕೆ ಅರ್ಜಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಪೇಪರ್ ಪರೀಕ್ಷೆಯ ಅಂಕ ಬರಲು ಸುಮಾರು ಒಂದು ತಿಂಗಳು. ಅಂದರೆ ಏಪ್ರಿಲ್ ಮಧ್ಯದಲ್ಲಿ ಬರೆದರೆ ಅಂಕ ಬರುವಾಗ ಕೊನೆಯ ದಿನ. ಮಾರ್ಚ್ ಒಳಗೆ ಬರೆದು ಮುಗಿಸಿ. ಇಂಟರ್‌ನೆಟ್ ಪರೀಕ್ಷೆಯಾದರೆ ಅಂಕ ಬೇಗ ಬರುತ್ತದೆ, ಎರಡು ವಾರ ಅಂತ ಇಟ್ಟುಕೊಳ್ಳಿ. ತೀರಾ ಬೇಗವೂ ಬೇಡ. ಚೀನಾದ ಕಾಲೇಜು ಸೇರಲು ಅಂಕಕ್ಕೆ ಬೆಲೆ ಇರುವುದು ಪರೀಕ್ಷೆಯ ದಿನದಿಂದ ಎರಡು ವರ್ಷ ಮಾತ್ರ.

ಸುರತ್ಕಲ್ ಅಮ್ಮ

ನಮ್ಮ ಮಗ ಅಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಪಾಠ ಎಲ್ಲ ಇಂಗ್ಲಿಷ್‌ನಲ್ಲೇ ಅಂತ ಹೇಳಿ ಸೇರಿಸಿದ್ದು. ಈಗ ಎಚ್‌ಎಸ್‌ಕೆ ನಾಲ್ಕು ಆಗಲೇಬೇಕು ಅನ್ನುತ್ತಾನೆ. ಇದೆಂತ ಹೊಸತು? ರಜೆಗೆ ಬಂದಾಗ ಇಲ್ಲಿಯೇ ಬರೆಸಬಹುದಾ?

ಹುಬೈ ರಿಟರ್ನ್ ಡಾಕ್ಟರ್

ಅಮ್ಮ, ಹೊಸತೇನೂ ಅಲ್ಲ. ಕ್ಲಾಸಿನಲ್ಲಿ ಇಂಗ್ಲಿಷ್ ಸರಿ, ವಾರ್ಡಿನಲ್ಲಿ ರೋಗಿಗೆ ಇಂಗ್ಲಿಷ್ ಬರಬೇಕಲ್ಲ. ನಮ್ಮ ಕಾಲದಲ್ಲೂ ತುಂಬಾ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್‌ಗೆ ಮೊದಲು ನಾಲ್ಕನೇ ಹಂತ ಆಗಬೇಕಿತ್ತು. ಕೆಲವು ಕಡೆ ಅದಿಲ್ಲದೆ ಡಿಗ್ರಿಯೇ ಇಲ್ಲ. ಇನ್ನು ನಮ್ಮ ದೇಶದ ವೈದ್ಯಕೀಯ ಆಯೋಗ ಎನ್‌ಎಂಸಿಯ 2021ರ ನವೆಂಬರ್‌ನ ನಿಯಮ ನೋಡಿ. ಹೊರದೇಶದಲ್ಲಿ ಕಡಿಮೆಯೆಂದರೆ 54 ತಿಂಗಳ ಕೋರ್ಸು, ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿ ಬಂದ ಮೇಲೆ ಇನ್ನೂ 12 ತಿಂಗಳು. ಅಲ್ಲಿಯ ಇಂಟರ್ನ್‌ಶಿಪ್ ತಪ್ಪಿದರೆ ಇಲ್ಲಿ ದಾರಿ ಮುಚ್ಚಿತು. ಹಾಗಾಗಿ ಎಚ್‌ಎಸ್‌ಕೆಯನ್ನು ಬದಿಯ ವಿಷಯ ಅಂತ ತಿಳಿಯಬಾರದು.

ಆದರೆ ಬರೆಯುವುದು ಅಲ್ಲೇ ಸುಲಭ. ಅಲ್ಲಿ ಕೇಂದ್ರಗಳು ತುಂಬಾ, ತಾರೀಕುಗಳೂ ಜಾಸ್ತಿ. ಎಷ್ಟೋ ಕಾಲೇಜಿನಲ್ಲಿ ಕ್ಯಾಂಪಸ್‌ನಲ್ಲೇ ನಡೆಯುತ್ತದೆ. ರಜೆಯಲ್ಲಿ ಊರಿಗೆ ಬಂದವನನ್ನು ಇದಕ್ಕಾಗಿ ಮುಂಬೈಗೆ ಓಡಿಸಬೇಡಿ, ಮನೆಯಲ್ಲಿ ನಾಲ್ಕು ದಿನ ನೀರುದೋಸೆ ತಿನ್ನಲಿ ಪಾಪ.

ಒಂದು ಮಾತು ಅವನಿಗೆ ತಿಳಿಸಿ. ಮೂರನೇ ಹಂತದವರೆಗೆ ಕೇಳುವ ಭಾಗ ಎರಡೆರಡು ಸಲ ಹಾಕುತ್ತಾರೆ. ನಾಲ್ಕರಿಂದ ಒಂದೇ ಸಲ. ಅಲ್ಲೇ ಹೆಚ್ಚಿನವರು ಬೀಳುವುದು.

ತುಳಸಿಕಟ್ಟೆ

ಡಾಕ್ಟ್ರೇ, ಕೇಳುವ ಭಾಗಕ್ಕೆ ಕನ್ನಡದವರಿಗೆ ಒಂದು ಉಪಕಾರ ಇದೆ. ಇಂಗ್ಲಿಷ್ ಕಾಗುಣಿತದಲ್ಲಿ ಬಿ, ಪಿ ಅಂತ ಬರೆಯುವುದನ್ನು ಅವರು ಹೇಳುವುದು ಹೆಚ್ಚುಕಡಿಮೆ ನಮ್ಮ ಪ ಮತ್ತು ಫ ಥರ. ಮಹಾಪ್ರಾಣ ಸರಿಯಾಗಿ ಹೇಳುವವರಿಗೆ ಕಿವಿ ಬೇಗ ಹತ್ತುತ್ತದೆ. ನಾವು ಕರಾವಳಿಯವರು ಮಹಾಪ್ರಾಣ ನುಂಗುತ್ತೇವೆ ಅನ್ನುವುದು ಬೇರೆ ಮಾತು.

ನಿರ್ವಾಹಕ

ಉಚ್ಚಾರದ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ನೋಂದಣಿಯ ವಿಷಯಕ್ಕೆ ಬನ್ನಿ. ಏಜೆಂಟರ ಹೆಸರು, ನಂಬರ್ ಯಾರೂ ಹಾಕಬೇಡಿ.

ಕಲ್ಸಂಕ

ತುಂಬಾ ಉಪಕಾರ ಆಯಿತು. 210ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಎರಡು ಗೊಂದಲ. ಪೇಪರ್ರಾ, ಕಂಪ್ಯೂಟರ್ರಾ? ಮನೆಯಿಂದ ಬರೆಯಬಹುದಾದರೆ ಊರು ಬಿಟ್ಟು ಯಾಕೆ ಹೋಗಬೇಕು?

ಹುಬೈ ರಿಟರ್ನ್ ಡಾಕ್ಟರ್

ಕಂಪ್ಯೂಟರ್, ಎರಡು ಮಾತಿಲ್ಲ. ಮೂರನೇ ಹಂತದಲ್ಲಿ ಬರೆಯುವ ಭಾಗ ಶುರುವಾಗುತ್ತದೆ. ಹಳೆ ಮಾದರಿಯಲ್ಲಿ ಅದರಲ್ಲಿ ಹತ್ತು ಪ್ರಶ್ನೆ. ಐದಕ್ಕೆ ಪದ ಜೋಡಿಸಿ ವಾಕ್ಯ ಮಾಡಬೇಕು, ಐದಕ್ಕೆ ಬಿಟ್ಟ ಅಕ್ಷರ ತುಂಬಬೇಕು. ಪೇಪರ್‌ನಲ್ಲಿ ಗೆರೆ ಗೆರೆ ನೆನಪಿಟ್ಟು ಕೈಯಲ್ಲಿ ಬರೆಯಬೇಕು. ಕಂಪ್ಯೂಟರ್‌ನಲ್ಲಿ ಉಚ್ಚಾರ ಟೈಪ್ ಮಾಡಿದರೆ ಅಕ್ಷರಗಳ ಸಾಲು ಬರುತ್ತದೆ, ಗುರುತಿಸಿ ಒತ್ತಿದರೆ ಆಯಿತು. ಮೊದಲ ಎರಡು ಹಂತದಲ್ಲಿ ಅಕ್ಷರದ ಮೇಲೆ ಉಚ್ಚಾರ ಬರೆದಿರುತ್ತಾರೆ, ಮೂರರಿಂದ ಆ ಸಹಾಯವೂ ಇಲ್ಲ. ಇಷ್ಟೆಲ್ಲ ಇರುವಾಗ ಕೈಬರಹದ ಕಷ್ಟ ಯಾಕೆ ಸೇರಿಸಿಕೊಳ್ಳುವುದು?

ಹಂಪನಕಟ್ಟೆ

ನನಗೆ ಅಷ್ಟು ಒಪ್ಪಿಗೆ ಇಲ್ಲ ಡಾಕ್ಟ್ರೇ. ಓದುವ ಭಾಗದಲ್ಲಿ ಪೇಪರ್ ಇದ್ದರೆ ಗೆರೆ ಎಳೆಯಬಹುದು, ಹಿಂದೆ ಮುಂದೆ ತಿರುಗಿಸಬಹುದು. ಪರದೆಯಲ್ಲಿ ನನಗೆ ಕಣ್ಣು ಬಳಲುತ್ತದೆ. ಅಕ್ಷರ ಕೈಯಲ್ಲಿ ಬರೆದು ಕಲಿತವರು ಪೇಪರ್ ತೆಗೆದುಕೊಂಡರೆ ನಷ್ಟ ಇಲ್ಲ. ಟೈಪ್ ಮಾಡಿಯೇ ಕಲಿತವರು ಕಂಪ್ಯೂಟರ್.

ಮನೆಯಿಂದ ಬರೆಯುವ ಪರೀಕ್ಷೆ ಕೋವಿಡ್ ಹೊತ್ತಿಗೆ 2020ರಲ್ಲಿ ಬಂದದ್ದು. ಅದಕ್ಕೆ ಒಂದು ಕೋಣೆ ಪೂರ್ತಿ ನಿಮಗೇ ಬೇಕು, ಕ್ಯಾಮೆರಾ ಬೇಕು, ಯಾರೂ ಒಳಗೆ ಬರಬಾರದು. ನೀವು ಅರ್ಜಿ ಹಾಕುವ ಕಾಲೇಜು ಆ ಅಂಕ ಒಪ್ಪುತ್ತದಾ ಅಂತ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಮತ್ತೆ ಜೂನ್, ಜುಲೈಯಲ್ಲಿ ಯೋಚನೆಯೇ ಬೇಡ. ಒಂದು ಗುಡುಗು ಬಂತು ಅಂದರೆ ನಮ್ಮಲ್ಲಿ ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಇನ್ವರ್ಟರ್ ಇದ್ದರೂ ಮೋಡೆಮ್ ಅದಕ್ಕೆ ಜೋಡಿಸಿದ್ದೀರಾ ನೋಡಿ.

ಪಂಪ್‌ವೆಲ್

ಮತ್ತೆ ಆ ಒಂಬತ್ತು ಹಂತದ ಕಥೆ ಎಂತದು? ನನ್ನ ಪುಸ್ತಕದಲ್ಲಿ ಆರೇ ಹಂತ. ಹೊಸತು ಬರುತ್ತದೆ, ಬರುತ್ತದೆ ಅಂತ ಕೇಳಿ ಕೇಳಿ ನಮ್ಮ ಫ್ಲೈಓವರ್ ಥರ ಆಗಿದೆ.

ಹುಬೈ ರಿಟರ್ನ್ ಡಾಕ್ಟರ್

2010ರಲ್ಲಿ ಬಂದದ್ದು ಆರು ಹಂತ. 150 ಪದದಿಂದ ಶುರುವಾಗಿ ಪ್ರತಿ ಹಂತಕ್ಕೆ ಸುಮಾರು ಎರಡರಷ್ಟು ಆಗುತ್ತಾ 5000ದವರೆಗೆ. ಮೂರನೆಯದಕ್ಕೆ 600. 2021ರಲ್ಲಿ ಒಂಬತ್ತು ಹಂತದ ಹೊಸ ಮಾನದಂಡ ಬಂತು. ಅದರ ಪಟ್ಟಿಯಲ್ಲಿ ಮೂರನೇ ಹಂತಕ್ಕೆ 2245 ಪದ. ಏಳರಿಂದ ಒಂಬತ್ತು ಸೇರಿಸಿ ಒಂದೇ ಪರೀಕ್ಷೆ, ಅದು 2022ರ ನವೆಂಬರ್‌ನಲ್ಲಿ ಮೊದಲ ಸಲ ನಡೆಯಿತು. ಕೆಳಗಿನ ಹಂತಗಳು ಆಗ ಹಳೆ ಮಾದರಿಯಲ್ಲೇ ಮುಂದುವರಿದವು. ಅದಕ್ಕೇ ಪೇಟೆಯಲ್ಲಿ ಎರಡೂ ಥರದ ಪುಸ್ತಕ ಇರುವುದು. ನೀವು ಆರಿಸುವ ತಾರೀಕಿನ ಪರೀಕ್ಷೆ ಯಾವ ಪಠ್ಯಕ್ರಮದ್ದು ಅಂತ ಅರ್ಜಿ ಹಾಕುವ ಮೊದಲೇ ಖಚಿತ ಮಾಡಿಕೊಳ್ಳಿ. 600ಕ್ಕೆ ಓದಿ ಕೂತು ಎದುರು ಬೇರೆಯದೇ ಬಂದರೆ ಕಷ್ಟ.

ಅಶೋಕನಗರ ತಿರುವು

ತೈವಾನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವರದ್ದು ಟಾಕ್‌ಫಲ್ ಅಂತ ಬೇರೆ ಪರೀಕ್ಷೆ. ಎ, ಬಿ, ಸಿ ಅಂತ ಮೂರು ಪಟ್ಟಿ, ಪ್ರತಿಯೊಂದರಲ್ಲಿ ಎರಡೆರಡು ಹಂತ. ಅಲ್ಲಿ ಹಳೆ ಲಿಪಿ ಬಳಸುತ್ತಾರೆ, ಆದರೆ ಪರೀಕ್ಷೆಗೆ ಸರಳ ಲಿಪಿಯನ್ನೂ ಆರಿಸಿಕೊಳ್ಳಬಹುದು. ಭಾಷೆ ಕಲಿಯಲು ಅವರದ್ದೂ ಸ್ಕಾಲರ್‌ಶಿಪ್ ಇದೆ. ಚೆನ್ನೈಯಲ್ಲಿ ಅವರ ಕಚೇರಿ 2012ರಿಂದ ಇದೆ, ಮೇಲ್ ಹಾಕಿ ಕೇಳಬಹುದು.

ಕಲ್ಸಂಕ

ಟೀಚರ್ ಕಲಿಸುವುದು ಎಚ್‌ಎಸ್‌ಕೆ ಪುಸ್ತಕ, ಹಾಗಾಗಿ ಈ ಸಲ ಅದೇ. ತೈವಾನ್‌ನದ್ದು ಮುಂದೆ ನೋಡುತ್ತೇನೆ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ಕೇಂದ್ರ ಮುಂಬೈಯೋ, ವೆಲ್ಲೂರೋ?

ಹಂಪನಕಟ್ಟೆ

ಮೊದಲೆಲ್ಲ ಮುಂಬೈ ವಿಶ್ವವಿದ್ಯಾಲಯ, ವೆಲ್ಲೂರಿನ ವಿಐಟಿ ಎರಡೂ ಕಡೆ ಚೀನಾದ ನೆರವಿನ ಭಾಷಾ ಕೇಂದ್ರ, ಅಂದರೆ ಕನ್‌ಫ್ಯೂಶಿಯಸ್ ಇನ್‌ಸ್ಟಿಟ್ಯೂಟ್ ಇತ್ತು. 2020ರಲ್ಲಿ ನಮ್ಮ ಶಿಕ್ಷಣ ಸಚಿವಾಲಯ ಇಂಥ ಸಂಸ್ಥೆಗಳ ಪರಿಶೀಲನೆ ಶುರುಮಾಡಿತು. ಹಾಗಾಗಿ ಹಳೆ ಬರಹಗಳಲ್ಲಿ ಇರುವ ಕೇಂದ್ರದ ಹೆಸರು ನೋಡಿ ರೈಲು ಬುಕ್ ಮಾಡಬೇಡಿ. ಖಾತೆಯಲ್ಲಿ ಲಾಗಿನ್ ಆಗಿ, ತಾರೀಕು ಹಾಕಿ, ಆ ದಿನಕ್ಕೆ ಯಾವ ಕೇಂದ್ರ ಕಾಣುತ್ತದೋ ಅದೇ ಲೆಕ್ಕ.

ಮುಂಬೈ ಸಿಕ್ಕಿದರೆ ನಿಮಗೆ ಅನುಕೂಲ. ಮತ್ಸ್ಯಗಂಧ ಉಡುಪಿಯಲ್ಲಿ ನಿಲ್ಲುತ್ತದೆ, ಮಧ್ಯಾಹ್ನ ಕಳೆದು ಹತ್ತಿದರೆ ಬೆಳಿಗ್ಗೆ ಕುರ್ಲಾ. ಪರೀಕ್ಷೆಯ ದಿನವೇ ಬೆಳಿಗ್ಗೆ ಇಳಿಯುವ ಲೆಕ್ಕ ಹಾಕಬೇಡಿ, ಒಂದು ದಿನ ಮೊದಲು ಹೋಗಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲು ನಿಧಾನ. ವೆಲ್ಲೂರಾದರೆ ಮಂಗಳೂರು ಸೆಂಟ್ರಲ್‌ಗೆ ಬಂದು ಚೆನ್ನೈ ಮೇಲ್ ಹಿಡಿದು ಕಾಟ್ಪಾಡಿಯಲ್ಲಿ ಇಳಿಯಬೇಕು. ಅದು ಅಲ್ಲಿಗೆ ತಲುಪುವುದು ನಸುಕಿಗೆ. ನಿದ್ದೆ ಹೋದರೆ ಚೆನ್ನೈಯೇ.

ಬೆಂದೂರ್‌ವೆಲ್

ಫೀಸು ಕಟ್ಟುವಾಗ ನಮ್ಮ ಕಾರ್ಡು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಉಂಟು.

ಪಂಪ್‌ವೆಲ್

ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಬಂದ್ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ, 2020ರ ಅಕ್ಟೋಬರ್‌ನಿಂದ. ಹೊಸ ಕಾರ್ಡು ಕೊಡುವಾಗ ದೇಶದ ಒಳಗೆ ಮಾತ್ರ ನಡೆಯುವಂತೆ ಕೊಡುತ್ತಾರೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ ಹೊರದೇಶ ಮತ್ತು ಆನ್‌ಲೈನ್ ಎರಡನ್ನೂ ತೆರೆಯಿರಿ, ಮಿತಿಯನ್ನೂ ನೋಡಿ. ಕೆಲಸ ಆದ ಮೇಲೆ ಮುಚ್ಚಿಬಿಡಿ.

ಬೆಂದೂರ್‌ವೆಲ್

ಆಯಿತು, ಈಗ ಹೋಯಿತು. ದೇವರು ಒಳ್ಳೆದು ಮಾಡಲಿ.

ಕಲ್ಸಂಕ

ನಾನೂ ನಿನ್ನೆ ರಾತ್ರಿ ಕೂತು ಅರ್ಜಿ ಹಾಕಿದೆ. ಮೂರನೇ ಹಂತ, ಕಂಪ್ಯೂಟರ್, ಮುಂಬೈ. ಸರ್‌ನೇಮ್ ಖಾಲಿ ಇರುವ ಗಿರಾಕಿ ನಾನೂ ಹೌದು. ಕೇಂದ್ರಕ್ಕೆ ಮೇಲ್ ಹಾಕಿ ಕೇಳಿದೆ, ಹೇಗೆ ತುಂಬಬೇಕು ಅಂತ ಅವರೇ ಬರೆದು ತಿಳಿಸಿದರು. ಅರ್ಜಿ ಈಗ ಬಾಕಿ ಅಂತ ತೋರಿಸುತ್ತಿದೆ. ಏಜೆಂಟ್ ಇವತ್ತು ಎರಡು ಸಲ ಫೋನ್ ಮಾಡಿದರು, ಕೊನೆಯ ಒಂದು ಸೀಟು ನನಗಾಗಿ ಹಿಡಿದಿಟ್ಟಿದ್ದಾರಂತೆ.

ಪಂಪ್‌ವೆಲ್

ಹಿಡಿದಿಟ್ಟುಕೊಂಡು ಅವರೇ ಬರೆಯಲಿ.

ಹುಬೈ ರಿಟರ್ನ್ ಡಾಕ್ಟರ್

ಬಾಕಿ ಇದ್ದರೆ ಎರಡು ಮೂರು ಕೆಲಸದ ದಿನ ಕಾಯಿರಿ. ಚೀನಾದ ರಜೆ ದಿನಗಳನ್ನೂ ಲೆಕ್ಕ ಹಾಕಿ, ಅವರ ಹೊಸ ವರ್ಷದ ಸಮಯದಲ್ಲಿ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಲಿಂದ ಉತ್ತರ ಬರುವುದು ಕಷ್ಟ. ಪ್ರವೇಶ ಪತ್ರ ಬಂದ ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರ್, ಹಂತ ಮೂರನ್ನೂ ಪುಸ್ತಕ ಎದುರಿಗಿಟ್ಟು ಹೋಲಿಸಿ. ಪರೀಕ್ಷೆಗೆ ಮೂಲ ಪಾಸ್‌ಪೋರ್ಟೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ.

ಸುರತ್ಕಲ್ ಅಮ್ಮ

ಡಾಕ್ಟ್ರೇ, ಮಗನಿಗೆ ಹೇಳಿದೆ. ಕಾಲೇಜಿನಲ್ಲೇ ಬರೆಯುತ್ತಾನಂತೆ. ಅವನು ಪೇಪರ್ ಅಂತ ಆರಿಸಿದ್ದಾನೆ. ಇಲ್ಲಿಂದ ಏನಾದರೂ ಕಳಿಸಬೇಕಾ?

ಹುಬೈ ರಿಟರ್ನ್ ಡಾಕ್ಟರ್

2ಬಿ ಪೆನ್ಸಿಲ್ ಮತ್ತು ರಬ್ಬರ್ ಬೇಕು ಅಮ್ಮ, ಉತ್ತರ ಹಾಳೆಯ ಗುಂಡಿ ತುಂಬಲು. ಅದು ಅಲ್ಲಿಯ ಕ್ಯಾಂಪಸ್ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿಂದ ಕಳಿಸುವುದಾದರೆ ಉಪ್ಪಿನಕಾಯಿ ಕಳಿಸಿ.